ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಮುನ್ನ ಕಾಡುವ ಸಾವಿನ ಭಯ: ಹೊರಟವರಿಗೊಂದು ಮಾರ್ಗದರ್ಶಿ

ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ ಕೊಟ್ಟ ದಿನ ಹೆಚ್ಚಿನವರಿಗೆ ನಿರಾಳವೇ ಇರುತ್ತದೆ. ವರ್ಷಗಟ್ಟಲೆ ಹೊತ್ತು ತಿರುಗಿದ ಪ್ರಶ್ನೆಗೆ ಕಡೆಗೂ ಒಂದು ದಾರಿ ಸಿಕ್ಕಿತು ಎಂಬ ಸಮಾಧಾನ ಅದು. ಭಯ ಬರುವುದು ಆಮೇಲೆ. ರಕ್ತಪರೀಕ್ಷೆ, ಸ್ಕ್ಯಾನ್, ಎಂಡೋಸ್ಕೋಪಿಗಳೆಲ್ಲ ಮುಗಿದು, ತಾರೀಖು ಗೊತ್ತಾಗಿ, ಇನ್ನು ಓಡಾಡಿ ಮಾಡಬೇಕಾದ ಕೆಲಸ ಏನೂ ಉಳಿದಿಲ್ಲ ಎನ್ನುವ ಹೊತ್ತಿಗೆ. ನನಗೆ ಅದು ಆಪರೇಷನ್‌ಗೆ ಹನ್ನೊಂದು ದಿನ ಇರುವಾಗ ಬಂತು. ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಪಕ್ಕದಲ್ಲಿ ಮಲಗಿದ್ದ ಮಗಳು ನಿದ್ದೆಯಲ್ಲೇ ನನ್ನ ತೋಳನ್ನು ಹಿಡಿದುಕೊಂಡಿದ್ದಳು. ಮುಂದಿನ ತಿಂಗಳು ಇಷ್ಟು ಹೊತ್ತಿಗೆ ಈ ಪುಟ್ಟ ಕೈ ಯಾರ ತೋಳನ್ನು ಹಿಡಿದಿರುತ್ತದೆ ಎಂಬ ಯೋಚನೆ ಬಂದದ್ದೇ ತಡ, ಎದೆ ಡವಡವ ಹೊಡೆದುಕೊಂಡಿತು, ಬಾಯಿ ಒಣಗಿತು, ಬೆಳಗಾಗುವವರೆಗೆ ಕಣ್ಣು ಮುಚ್ಚಲಾಗಲಿಲ್ಲ.

ಆಪರೇಷನ್ ಬೇಡವೆಂದು ಹೇಳಲೆಂದೇ ಬೆಳಗ್ಗೆ ಆಸ್ಪತ್ರೆಗೆ ಫೋನ್ ಮಾಡಿದ್ದೆ. ಆದರೆ ಬಾಯಿಂದ ಬಂದದ್ದು ‘ಸತ್ತುಹೋಗುತ್ತೇನೆ ಅಂತ ಭಯವಾಗ್ತಿದೆ’ ಎಂಬ ಮಾತು. ಆ ಕಡೆ ಇದ್ದ ನರ್ಸ್ ‘ಏನೂ ಆಗಲ್ಲ, ಧೈರ್ಯವಾಗಿರಿ’ ಎನ್ನಲಿಲ್ಲ. ‘ಏನಾಗಿ ಸಾಯ್ತೀರಿ ಅಂತ ಅನ್ನಿಸ್ತಿದೆ, ಹೇಳಿ’ ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಈ ಲೇಖನದ ಹೆಜ್ಜೆಗಳೆಲ್ಲ ಆ ಒಂದು ಪ್ರಶ್ನೆಯಿಂದ ಹುಟ್ಟಿದವು. ಸಾವಿನ ಭಯವನ್ನು ಸಮಾಧಾನದ ಮಾತುಗಳಿಂದ ಓಡಿಸಲಾಗುವುದಿಲ್ಲ. ಅದನ್ನು ಎಳೆಎಳೆಯಾಗಿ ಬಿಡಿಸಿ, ಒಂದೊಂದು ಎಳೆಯನ್ನೂ ಅದಕ್ಕೆ ಉತ್ತರ ಕೊಡಬಲ್ಲವರ ಮುಂದೆ ಇಡಬೇಕು. ಹಾಗೆ ಮಾಡಿದ ಮೇಲೂ ಸ್ವಲ್ಪ ಭಯ ಉಳಿದೇ ಉಳಿಯುತ್ತದೆ. ಅದನ್ನು ಜೊತೆಗಿಟ್ಟುಕೊಂಡೇ ಥಿಯೇಟರಿನೊಳಗೆ ಹೋಗಬಹುದು, ಬಹಳಷ್ಟು ಜನ ಹೋಗುವುದೂ ಹಾಗೆಯೇ.

ಭಯವನ್ನು ಕಾಗದಕ್ಕೆ ಇಳಿಸಿ

ಒಂದು ನೋಟ್‌ಬುಕ್ ತೆಗೆದುಕೊಂಡು ಪುಟದ ನಡುವೆ ಗೆರೆ ಎಳೆಯಿರಿ. ಎಡಗಡೆಗೆ, ‘ಸಾಯುತ್ತೇನೆ’ ಎಂಬ ಪದವನ್ನು ಬಳಸದೆ, ನಿಮಗೆ ಕಣ್ಣಿಗೆ ಕಟ್ಟಿದಂತೆ ಕಾಣುವುದನ್ನು ಬರೆಯಿರಿ. ಅರಿವಳಿಕೆ ಕೊಟ್ಟ ಮೇಲೆ ಏಳದೇ ಹೋದರೆ? ಅರ್ಧದಲ್ಲಿ ಎಚ್ಚರವಾದರೆ? ಒಳಗಿನ ಹೊಲಿಗೆ ಬಿಟ್ಟರೆ? ಮನೆಗೆ ಬಂದ ಮೇಲೆ ರಾತ್ರಿ ಏನಾದರೂ ಆಗಿ ಯಾರಿಗೂ ಗೊತ್ತಾಗದೇ ಹೋದರೆ? ನಾನಿಲ್ಲದೆ ಮಕ್ಕಳ ಗತಿ ಏನು? ಬಲಗಡೆಗೆ, ಆ ಪ್ರಶ್ನೆಗೆ ಯಾರು ಉತ್ತರ ಕೊಡಬಲ್ಲರು ಎಂಬುದನ್ನು ಬರೆಯಿರಿ: ಅರಿವಳಿಕೆ ವೈದ್ಯರು, ಶಸ್ತ್ರಚಿಕಿತ್ಸಕರು, ವಾರ್ಡಿನ ನರ್ಸ್, ಸಂಗಾತಿ, ಆಪ್ತಸಮಾಲೋಚಕರು.

ನನ್ನ ಪುಟದಲ್ಲಿ ಒಂಬತ್ತು ಸಾಲುಗಳಾದವು. ಅದರಲ್ಲಿ ಏಳಕ್ಕೆ ಬಲಗಡೆ ಒಂದು ಹೆಸರಿತ್ತು, ಎರಡಕ್ಕೆ ಯಾರ ಹೆಸರೂ ಬರೆಯಲಾಗಲಿಲ್ಲ. ನಿಮ್ಮ ಪುಟದಲ್ಲೂ ಹೀಗೆ ಖಾಲಿ ಉಳಿಯುವ ಸಾಲುಗಳಿರಬಹುದು. ಅವುಗಳನ್ನು ಸದ್ಯಕ್ಕೆ ಹಾಗೆಯೇ ಬಿಡಿ. ಉತ್ತರವಿರುವ ಪ್ರಶ್ನೆಗಳು ಉತ್ತರವಿಲ್ಲದವುಗಳ ಜೊತೆ ಕಲಸಿಹೋಗಿರುವವರೆಗೆ ಎಲ್ಲವೂ ಒಂದೇ ಕಪ್ಪು ಮೋಡದಂತೆ ತೋರುತ್ತವೆ. ಬೇರ್ಪಡಿಸಿದಾಗ ಆ ಮೋಡದಲ್ಲಿ ಹೆಚ್ಚಿನ ಭಾಗ ವಿಚಾರಿಸಿ ತಿಳಿದುಕೊಳ್ಳಬಹುದಾದ ಸಂಗತಿಗಳೇ ಎಂಬುದು ಕಾಣತೊಡಗುತ್ತದೆ.

ಅಂಕಿಗಳನ್ನು ಒಮ್ಮೆ ನೇರವಾಗಿ ನೋಡಿ

ಸಾವಿನ ಅಪಾಯ ಎಷ್ಟು ಎಂದು ಕೇಳಲು ಹೆದರಿ ಸುಮ್ಮನಿರುವವರು ಬಹಳ ಮಂದಿ. ಕೇಳದಿದ್ದರೆ ಮನಸ್ಸೇ ಒಂದು ಅಂಕಿಯನ್ನು ಕಲ್ಪಿಸಿಕೊಳ್ಳುತ್ತದೆ, ಮತ್ತು ಅದು ಸಾಮಾನ್ಯವಾಗಿ ನಿಜಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿರುತ್ತದೆ. ಅಮೆರಿಕದ ಹತ್ತು ಆಸ್ಪತ್ರೆಗಳಲ್ಲಿ ಮೊದಲ ಬಾರಿಗೆ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 4,776 ಮಂದಿಯನ್ನು ಗಮನಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂವತ್ತು ದಿನಗಳೊಳಗೆ ತೀರಿಕೊಂಡವರ ಪ್ರಮಾಣ ಶೇಕಡ 0.3 ಇತ್ತು; ಅಂದರೆ ಸಾವಿರಕ್ಕೆ ಮೂವರು. ಆ ಬಳಿಕ ತಂತ್ರ, ತರಬೇತಿ, ಅರಿವಳಿಕೆ ಎಲ್ಲವೂ ಸುಧಾರಿಸಿದ್ದು, ಅನುಭವವಿರುವ ಕೇಂದ್ರಗಳಲ್ಲಿ ಈಗ ಸಾಮಾನ್ಯವಾಗಿ ಹೇಳುವ ಅಂಕಿ ಸಾವಿರಕ್ಕೆ ಸುಮಾರು ಒಂದು.

ಈ ಅಂಕಿ ಸೊನ್ನೆಯಲ್ಲ ಎಂಬುದನ್ನು ಮುಚ್ಚಿಡುವುದರಿಂದ ಪ್ರಯೋಜನವಿಲ್ಲ. ಆ ಒಬ್ಬರು ಯಾರೋ ಒಬ್ಬರ ತಾಯಿ, ಯಾರೋ ಒಬ್ಬರ ಗಂಡ. ಆದರೆ ಸಾವಿರ ಜನ ಕೂತಿರುವ ಒಂದು ಸಭಾಂಗಣವನ್ನು ಕಲ್ಪಿಸಿಕೊಂಡು, ಭಯವು ನಿಮ್ಮನ್ನು ಆ ಒಂದು ಕುರ್ಚಿಯಲ್ಲೇ ಕೂರಿಸಿ ಉಳಿದ ಕುರ್ಚಿಗಳತ್ತ ತಿರುಗಿ ನೋಡಲೂ ಬಿಡುತ್ತಿಲ್ಲ ಎಂಬುದನ್ನು ಗಮನಿಸಿ. ಪರಿಚಿತರಲ್ಲಿ ಯಾರಿಗೋ ಹೀಗಾಯಿತಂತೆ ಎಂಬ ಸುದ್ದಿ ಹತ್ತು ಬಾಯಿಂದ ಬರುತ್ತದೆ. ಆಪರೇಷನ್ ಮಾಡಿಸಿಕೊಂಡು ಮೂರನೆಯ ದಿನ ಮನೆಗೆ ಬಂದು ತಮ್ಮ ಪಾಡಿಗೆ ತಾವು ಇರುವವರ ಸುದ್ದಿಯನ್ನು ಯಾರೂ ಹೊತ್ತು ತರುವುದಿಲ್ಲ.

ಸರಾಸರಿ ಅಂಕಿಗಿಂತ ನಿಮಗೆ ಮುಖ್ಯವಾದದ್ದು ನಿಮ್ಮದೇ ಅಂಕಿ. ಅಪಾಯವನ್ನು ಅಂದಾಜಿಸಲು ವೈದ್ಯರು ಬಳಸುವ ಒಂದು ಅಳತೆಯಲ್ಲಿ ಐದು ಅಂಶಗಳಿವೆ: ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಅಂಕಿ) 50 ಅಥವಾ ಅದಕ್ಕಿಂತ ಹೆಚ್ಚಿರುವುದು, ಗಂಡಸಾಗಿರುವುದು, ಅಧಿಕ ರಕ್ತದೊತ್ತಡವಿರುವುದು, ವಯಸ್ಸು 45 ಅಥವಾ ಅದಕ್ಕಿಂತ ಹೆಚ್ಚಿರುವುದು, ಮತ್ತು ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವ ಸಂಭವ ಹೆಚ್ಚಿರುವುದು. ಇವುಗಳಲ್ಲಿ ಒಂದೋ ಎರಡೋ ಇರುವವರಿಗೂ ಐದೂ ಇರುವವರಿಗೂ ಅಪಾಯ ಒಂದೇ ಆಗಿರುವುದಿಲ್ಲ. ಆದ್ದರಿಂದ ಶಸ್ತ್ರಚಿಕಿತ್ಸಕರ ಎದುರು ಕೂತಾಗ ಹೀಗೆ ಕೇಳಿ: ‘ನನ್ನಂಥ ದೇಹಸ್ಥಿತಿಯವರಿಗೆ ಅಪಾಯ ಎಷ್ಟು? ನೀವು ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ? ನಿಮ್ಮಲ್ಲಿ ಎಷ್ಟು ಮಂದಿಗೆ ಒಳಗಿನ ಹೊಲಿಗೆಯಲ್ಲಿ ಸೋರಿಕೆ, ರಕ್ತಸ್ರಾವ ಆಗಿದೆ? ಆದಾಗ ಏನು ಮಾಡಿದಿರಿ?’ ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಂದ ನೊಂದುಕೊಳ್ಳುವುದಿಲ್ಲ. ನಾನು ಮೊದಲು ನೋಡಿದ ಒಬ್ಬ ವೈದ್ಯರು ನನ್ನ ಕಾಗದವನ್ನು ಕಂಡು ‘ಇದೆಲ್ಲ ನಿಮಗ್ಯಾಕೆ’ ಎಂದಿದ್ದರು; ನಾನು ಬೇರೊಬ್ಬರ ಬಳಿ ಹೋದದ್ದು ಆ ಮಾತಿನಿಂದಾಗಿಯೇ. ಎರಡನೆಯ ಅಭಿಪ್ರಾಯ ಪಡೆಯುವುದು ರೋಗಿಯ ಹಕ್ಕು, ಅದರಲ್ಲಿ ಅವಿಧೇಯತೆ ಏನೂ ಇಲ್ಲ.

ಅಂಕಿಗಳನ್ನು ಒಮ್ಮೆ ಕೇಳಿ ಬರೆದುಕೊಂಡ ಮೇಲೆ ಆ ಪುಟವನ್ನು ಮಡಚಿಡಿ. ರಾತ್ರಿ ಮೊಬೈಲ್ ಹಿಡಿದು ಮತ್ತೆ ಮತ್ತೆ ಹುಡುಕುವುದರಿಂದ ಹೊಸ ತಿಳಿವಳಿಕೆ ಬರುವುದಿಲ್ಲ. ಹುಡುಕಿದಷ್ಟೂ ಭಯಕ್ಕೆ ಮೇವು ಸಿಗುತ್ತದೆ.

‘ನಾನೇ ಆರಿಸಿಕೊಂಡೆನಲ್ಲ’ ಎಂಬ ಮುಳ್ಳು

ಈ ಭಯಕ್ಕೆ ಬೇರೆ ಶಸ್ತ್ರಚಿಕಿತ್ಸೆಗಳ ಭಯದಲ್ಲಿಲ್ಲದ ಒಂದು ಮುಳ್ಳಿದೆ, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಅದೇ. ಅಪೆಂಡಿಕ್ಸ್ ಒಡೆದು ಆಸ್ಪತ್ರೆಗೆ ಹೋದವರಿಗೆ ಆಯ್ಕೆಯ ಹೊರೆ ಇರುವುದಿಲ್ಲ. ಇಲ್ಲಿ ನಾವು ನಡೆದುಕೊಂಡು ಹೋಗುತ್ತೇವೆ, ನಮ್ಮ ಕೈಯಾರೆ ಸಹಿ ಹಾಕುತ್ತೇವೆ. ಹಾಗಾಗಿ ‘ಏನಾದರೂ ಆದರೆ ಮಕ್ಕಳಿಗೆ ನಾನೇ ಅನ್ಯಾಯ ಮಾಡಿದಂತೆ’, ‘ಬಾಯಿ ಕಟ್ಟಿದ್ದರೆ ಸಾಕಿತ್ತು, ಜೀವವನ್ನೇ ಪಣಕ್ಕಿಟ್ಟೆನಲ್ಲ’ ಎಂಬ ಮಾತುಗಳು ಭಯದ ಬಟ್ಟೆ ತೊಟ್ಟು ಬರುತ್ತವೆ. ಇವು ನಿಜದಲ್ಲಿ ನಾಚಿಕೆಯ ಮಾತುಗಳು. ಎಷ್ಟೋ ವರ್ಷ ನಾವು ಬೇರೆಯವರಿಂದ ಕೇಳಿಸಿಕೊಂಡದ್ದೇ ಈಗ ನಮ್ಮ ಒಳದನಿಯಾಗಿರುತ್ತದೆ.

ಇದನ್ನು ಎದುರಿಸಲು ಎರಡು ಸಂಗತಿಗಳನ್ನು ತಿಳಿದಿರಬೇಕು. ಮೊದಲನೆಯದು, ಬೊಜ್ಜು ದೀರ್ಘಕಾಲದ ಕಾಯಿಲೆ. ಪಥ್ಯದಿಂದ ತೂಕ ಇಳಿದಾಗ ದೇಹವು ಹಸಿವಿನ ಹಾರ್ಮೋನುಗಳನ್ನು ಹೆಚ್ಚಿಸಿಕೊಂಡು, ಶಕ್ತಿ ವ್ಯಯಿಸುವುದನ್ನು ತಗ್ಗಿಸಿಕೊಂಡು, ಹಳೆಯ ತೂಕಕ್ಕೆ ಮರಳಲು ಎಳೆಯುತ್ತದೆ. ಇಚ್ಛಾಶಕ್ತಿಯೊಂದರಿಂದಲೇ ಆ ಸೆಳೆತವನ್ನು ವರ್ಷಾನುಗಟ್ಟಲೆ ತಡೆದು ನಿಲ್ಲುವುದು ಬಹಳ ಕಷ್ಟ. ಎರಡನೆಯದು, ಆಪರೇಷನ್ ಮಾಡಿಸಿಕೊಳ್ಳದೇ ಇರುವುದೂ ಒಂದು ಆಯ್ಕೆಯೇ, ಅದಕ್ಕೂ ಅದರದೇ ಅಪಾಯವಿದೆ. ನಮ್ಮ ಮನಸ್ಸು ಒಂದು ಬೆಳಗ್ಗೆಯ ಅಪಾಯವನ್ನು ದೊಡ್ಡದಾಗಿ ಕಾಣುತ್ತದೆ, ಇಪ್ಪತ್ತು ವರ್ಷಗಳಲ್ಲಿ ತೆಳ್ಳಗೆ ಹರಡಿಕೊಂಡ ಅಪಾಯವನ್ನು ಕಾಣುವುದೇ ಇಲ್ಲ.

ಸ್ವೀಡನ್‌ನಲ್ಲಿ 1987ರಲ್ಲಿ ಆರಂಭವಾದ ದೀರ್ಘ ಅಧ್ಯಯನ ಈ ವಿಷಯದಲ್ಲಿ ನನಗೆ ಬಹಳ ನೆರವಾಯಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 2,010 ಮಂದಿಯನ್ನೂ, ಅವರಿಗೆ ಹೋಲಿಕೆಯಾಗುವ, ಆದರೆ ಸಾಮಾನ್ಯ ಚಿಕಿತ್ಸೆಯಲ್ಲೇ ಉಳಿದ 2,037 ಮಂದಿಯನ್ನೂ ಅಲ್ಲಿ ವರ್ಷಾನುವರ್ಷ ಹಿಂಬಾಲಿಸಿದರು. ಮೊದಲ ತೊಂಬತ್ತು ದಿನಗಳಲ್ಲಿ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ಐವರು ತೀರಿಕೊಂಡರು, ಇನ್ನೊಂದು ಗುಂಪಿನಲ್ಲಿ ಇಬ್ಬರು. ನಮ್ಮ ಭಯ ಆ ತೊಂಬತ್ತು ದಿನಗಳ ಲೆಕ್ಕದಲ್ಲೇ ನಿಂತುಬಿಡುತ್ತದೆ. ಆದರೆ ಸರಾಸರಿ ಸುಮಾರು ಹನ್ನೊಂದು ವರ್ಷಗಳ ಬಳಿಕ, 2007ರಲ್ಲಿ ಫಲಿತಾಂಶ ಪ್ರಕಟವಾದಾಗ, ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ತೀರಿಕೊಂಡವರು 101 ಮಂದಿ, ಇನ್ನೊಂದರಲ್ಲಿ 129. ಮುಂದೆ 2020ರಲ್ಲಿ ಬಂದ ವರದಿಯು ಶಸ್ತ್ರಚಿಕಿತ್ಸೆಯಾದವರ ಆಯುಸ್ಸು ಸುಮಾರು ಮೂರು ವರ್ಷ ಹೆಚ್ಚೆಂದು ಹೇಳಿತು. ಜೊತೆಗೆ ಅದು ಸಾಮಾನ್ಯ ಜನರ ಆಯುಸ್ಸಿಗೆ ಸಮನಾಗಲಿಲ್ಲ ಎಂಬುದನ್ನೂ ಹೇಳಿತು. ಈ ಶಸ್ತ್ರಚಿಕಿತ್ಸೆಯಿಂದ ಎಲ್ಲ ಅಪಾಯವೂ ಅಳಿಸಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆಯೇ ನೀವು ಮಕ್ಕಳನ್ನು ಬಿಟ್ಟುಹೋಗಲು ಸಹಿ ಹಾಕುತ್ತಿದ್ದೀರಿ ಎಂದು ನಿಮ್ಮ ಒಳದನಿ ಹೇಳಿದರೆ ಅದನ್ನೂ ನಂಬಬೇಡಿ. ನೀವು ಸಹಿ ಹಾಕುತ್ತಿರುವುದು ಅವರೊಂದಿಗೆ ಹೆಚ್ಚು ಕಾಲ ಇರಬೇಕೆಂಬ ಆಸೆಯಿಂದ.

ಕೈಗೆ ಕೆಲಸ ಕೊಡಿ

ಭಯ ಬಗೆಹರಿಯದೆ ಕಾಡುವುದಕ್ಕೆ ಒಂದು ಕಾರಣ, ಆಪರೇಷನ್ನಿನಲ್ಲಿ ನಮ್ಮ ಕೈಯಲ್ಲಿ ಏನೂ ಇಲ್ಲ ಎಂಬ ಭಾವನೆ. ಅದು ಪೂರ್ತಿ ನಿಜವಲ್ಲ. ಆಪರೇಷನ್‌ಗೆ ಮುಂಚಿನ ಎರಡು ವಾರ ಕೊಡುವ ಕಡಿಮೆ ಕ್ಯಾಲರಿಯ, ಹೆಚ್ಚಾಗಿ ಕುಡಿಯುವ ರೂಪದ ಆಹಾರಕ್ರಮವನ್ನು ಬಹಳ ಜನ ಬರಿಯ ನಿಯಮವೆಂದು ಸಹಿಸಿಕೊಳ್ಳುತ್ತಾರೆ. ಅದರ ಹಿಂದೆ ಒಂದು ಕಾರಣವಿದೆ. ಲಿವರಿನ ಎಡಭಾಗ ಜಠರದ ಮೇಲೆ ಚಾಚಿಕೊಂಡಿರುತ್ತದೆ. ಕೊಬ್ಬು ತುಂಬಿ ದಪ್ಪವಾದ ಲಿವರನ್ನು ಎತ್ತಿಹಿಡಿದು ಅದರಡಿಯಲ್ಲಿ ಕೆಲಸ ಮಾಡುವುದು ಶಸ್ತ್ರಚಿಕಿತ್ಸಕರಿಗೆ ಕಷ್ಟ, ಅದು ಹರಿದು ರಕ್ತ ಬರುವ ಸಂಭವವೂ ಇರುತ್ತದೆ. ಈ ಆಹಾರಕ್ರಮದಿಂದ ಲಿವರ್ ಕುಗ್ಗಿ, ಮೆತ್ತಗಾಗಿ, ಜಾಗ ಬಿಟ್ಟುಕೊಡುತ್ತದೆ. ಅಂದರೆ ಆ ಎರಡು ವಾರ ನೀವು ನುಂಗುವ ಒಂದೊಂದು ಲೋಟವೂ ಥಿಯೇಟರಿನಲ್ಲಿ ವೈದ್ಯರ ಕೈಗೆ ನೀವು ಮಾಡಿಕೊಡುವ ಜಾಗ. ಇದು ಗೊತ್ತಾದ ದಿನದಿಂದ ನನಗೆ ಆ ಲೋಟ ಎತ್ತುವುದು ಹಗುರವಾಯಿತು.

ಸಿಗರೇಟು, ತಂಬಾಕು ಇದ್ದರೆ ಕನಿಷ್ಠ ಆರು ವಾರ ಮೊದಲೇ ನಿಲ್ಲಿಸಬೇಕು. ಗಾಯ ಮಾಯುವುದಕ್ಕೂ ಶ್ವಾಸಕೋಶಕ್ಕೂ ಅದರಿಂದ ನೇರವಾದ ಲಾಭವಿದೆ. ಗೊರಕೆಯ ನಡುವೆ ಉಸಿರು ನಿಲ್ಲುವ ತೊಂದರೆ, ಅಂದರೆ ಸ್ಲೀಪ್ ಆಪ್ನಿಯಾ, ಇದೆಯೇ ಎಂದು ಪರೀಕ್ಷಿಸಿಕೊಳ್ಳಿ. ಇದ್ದು, ನಿದ್ದೆಯಲ್ಲಿ ಮುಖವಾಡದ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಯಂತ್ರ ಕೊಟ್ಟಿದ್ದರೆ ಅದನ್ನು ಪ್ರತಿ ರಾತ್ರಿ ಬಳಸಿ, ಆಸ್ಪತ್ರೆಗೂ ಜೊತೆಯಲ್ಲೇ ಒಯ್ಯಿರಿ. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಲಿ. ದಿನವೂ ನಡೆಯಿರಿ. ನೀವು ತೆಗೆದುಕೊಳ್ಳುವ ಪ್ರತಿಯೊಂದು ಔಷಧಿಯ ಹೆಸರನ್ನೂ ಬರೆದು ವೈದ್ಯರಿಗೆ ಕೊಡಿ. ರಕ್ತ ತೆಳುವಾಗಿಸುವ ಮಾತ್ರೆ, ಗಿಡಮೂಲಿಕೆ, ತೂಕಕ್ಕೆಂದು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧಿ ಯಾವುದನ್ನೂ ಆ ಪಟ್ಟಿಯಿಂದ ಬಿಡಬೇಡಿ. ಆ ಚುಚ್ಚುಮದ್ದು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ, ಅದು ಅರಿವಳಿಕೆ ವೈದ್ಯರಿಗೆ ಗೊತ್ತಿರಲೇಬೇಕಾದ ಸಂಗತಿ. ಖಿನ್ನತೆಯ ಮಾತ್ರೆಗಳನ್ನು ಆಪರೇಷನ್ ಇದೆಯೆಂದು ತಾವಾಗಿಯೇ ನಿಲ್ಲಿಸುವುದು ಬೇಡ.

ಅರಿವಳಿಕೆ ವೈದ್ಯರನ್ನು ಕಾಣಿ

ನಮ್ಮ ಭಯದ ಪಟ್ಟಿಯಲ್ಲಿ ಅರ್ಧಕ್ಕರ್ಧ ಅರಿವಳಿಕೆಗೆ ಸೇರಿದ್ದು, ಆದರೆ ನಾವು ಹೆಚ್ಚು ಮಾತಾಡುವುದು ಶಸ್ತ್ರಚಿಕಿತ್ಸಕರೊಂದಿಗೆ. ಅರಿವಳಿಕೆ ವೈದ್ಯರ ಭೇಟಿಗೆ ಹತ್ತು ನಿಮಿಷ ಹೆಚ್ಚು ಕೇಳಿಕೊಳ್ಳಿ. ‘ಮಂಪರು ಬಂದ ಮೇಲೆ ನನ್ನನ್ನು ಯಾರು ನೋಡಿಕೊಳ್ಳುತ್ತಾರೆ’ ಎಂದು ನಾನು ಕೇಳಿದಾಗ ನನ್ನ ವೈದ್ಯರು ಕೊಟ್ಟ ಉತ್ತರ, ‘ನಾನೇ. ನೀವು ಏಳುವವರೆಗೆ ನನ್ನ ಕೆಲಸ ಅದೊಂದೇ’ ಎಂಬುದು. ನಿಜಕ್ಕೂ ಅವರ ಕೆಲಸ ಮದ್ದು ಕೊಟ್ಟು ಹೊರಡುವುದಲ್ಲ. ಬೆರಳಿಗೆ ಹಾಕಿದ ಕ್ಲಿಪ್ಪು ರಕ್ತದ ಆಮ್ಲಜನಕವನ್ನು, ಉಸಿರುನಳಿಗೆ ಜೋಡಿಸಿದ ಯಂತ್ರ ಪ್ರತಿ ಉಸಿರಿನ ಇಂಗಾಲದ ಡೈಆಕ್ಸೈಡನ್ನು, ಎದೆಯ ಪಟ್ಟಿಗಳು ಹೃದಯದ ಬಡಿತವನ್ನು ಕ್ಷಣಕ್ಷಣಕ್ಕೂ ತೋರಿಸುತ್ತಿರುತ್ತವೆ, ಯಾವುದು ಏರುಪೇರಾದರೂ ಸದ್ದು ಮಾಡುತ್ತವೆ. ದೊಡ್ಡ ಮೈಯವರನ್ನು ಅಂಗಾತ ಮಲಗಿಸುವ ಬದಲು ತಲೆ ಮತ್ತು ಎದೆಯನ್ನು ಎತ್ತರಿಸಿ ಮಲಗಿಸಿದರೆ ಉಸಿರಾಟ ಸುಲಭ ಎಂಬುದು ಅವರಿಗೆ ಗೊತ್ತು. ನಿಮಗಾಗಿ ಆ ಏರ್ಪಾಡು ಮಾಡುತ್ತಾರೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಅರ್ಧದಲ್ಲಿ ಎಚ್ಚರವಾಗುವ ಭಯವಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಿ. ಬ್ರಿಟನ್ ಮತ್ತು ಐರ್ಲೆಂಡ್‌ಗಳಲ್ಲಿ ನಡೆದು 2014ರಲ್ಲಿ ಪ್ರಕಟವಾದ ದೊಡ್ಡ ಪರಿಶೀಲನೆಯಲ್ಲಿ ಇಂಥ ಅನುಭವ ವರದಿಯಾದದ್ದು ಸುಮಾರು 19,000 ಅರಿವಳಿಕೆಗಳಿಗೆ ಒಂದರಂತೆ. ಈ ಹಿಂದೆ ಅರಿವಳಿಕೆಯಲ್ಲಿ ನಿಮಗೋ ರಕ್ತಸಂಬಂಧಿಗಳಿಗೋ ತೊಂದರೆಯಾಗಿದ್ದರೆ ಅದು ತಪ್ಪದೆ ಹೇಳಬೇಕಾದ ಮಾಹಿತಿ.

ರಾತ್ರಿಗಳಿಗೆ ಒಂದು ವ್ಯವಸ್ಥೆ

ಹಗಲು ಹೇಗೋ ಕಳೆದುಹೋಗುತ್ತದೆ, ಕಾಡುವುದು ರಾತ್ರಿಯೇ. ಇದಕ್ಕೆ ಮನೋವೈದ್ಯರು ಹೇಳುವ ಒಂದು ಉಪಾಯ ವಿಚಿತ್ರವೆನಿಸಿದರೂ ಕೆಲಸಕ್ಕೆ ಬರುತ್ತದೆ: ಚಿಂತೆಗೆಂದೇ ದಿನದಲ್ಲಿ ಇಪ್ಪತ್ತು ನಿಮಿಷ ಗೊತ್ತುಮಾಡಿ. ಸಂಜೆ ಆರು ಗಂಟೆ ಎಂದಿಟ್ಟುಕೊಳ್ಳೋಣ. ಆ ಹೊತ್ತಿಗೆ ನೋಟ್‌ಬುಕ್ ತೆರೆದು ಕೂತು ಭಯಗಳನ್ನೆಲ್ಲ ಮನಸ್ಸಿಗೆ ಬರಲು ಬಿಡಿ, ಬರೆಯಿರಿ, ಅಳು ಬಂದರೆ ಅಳಿ. ಸಮಯ ಮುಗಿದ ಮೇಲೆ ಪುಸ್ತಕ ಮುಚ್ಚಿ ಎದ್ದು ಬೇರೆ ಕೆಲಸಕ್ಕೆ ಹೋಗಿ. ರಾತ್ರಿ ಅದೇ ಯೋಚನೆ ಬಂದರೆ ‘ನಾಳೆ ಆರಕ್ಕೆ’ ಎಂದು ಅದಕ್ಕೆ ಹೇಳಿ. ಮೊದಲೆರಡು ದಿನ ಅದು ಮಾತು ಕೇಳುವುದಿಲ್ಲ, ನಾಲ್ಕೈದು ದಿನಕ್ಕೆ ನಿಧಾನವಾಗಿ ಪಳಗುತ್ತದೆ.

ಎದೆ ಹೊಡೆದುಕೊಳ್ಳಲು ಶುರುವಾದಾಗ ಉಸಿರಿನ ಲೆಕ್ಕ ಹಿಡಿಯಿರಿ. ಮೂಗಿನಿಂದ ನಾಲ್ಕು ಎಣಿಸುವವರೆಗೆ ಒಳಕ್ಕೆ, ಬಾಯಿಯಿಂದ ಆರು ಎಣಿಸುವವರೆಗೆ ಹೊರಕ್ಕೆ. ಹೀಗೆ ನಿಮಿಷಕ್ಕೆ ಆರು ಉಸಿರು, ಐದು ನಿಮಿಷ. ಹೊರಗೆ ಬಿಡುವ ಉಸಿರು ಉದ್ದವಾದಾಗ ಹೃದಯದ ವೇಗ ತಗ್ಗುತ್ತದೆ. ಭಯದ ದಾಳಿ ಎಷ್ಟೇ ಜೋರಾಗಿದ್ದರೂ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದರ ಶಿಖರ ಮುಟ್ಟಿ ಇಳಿಯತೊಡಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಗಡಿಯಾರ ನೋಡುತ್ತ ಕೂರುವುದೂ ಒಂದು ಉಪಾಯವೇ. ಈ ಉಸಿರಿನ ಲೆಕ್ಕವನ್ನು ಈಗಿನಿಂದಲೇ ದಿನಕ್ಕೆರಡು ಬಾರಿ ರೂಢಿ ಮಾಡಿಕೊಳ್ಳಿ, ಏಕೆಂದರೆ ಆಪರೇಷನ್ ದಿನ ಸ್ಟ್ರೆಚರ್ ಮೇಲೆ ಮಲಗಿ ಹೊಸದಾಗಿ ಕಲಿಯಲಾಗುವುದಿಲ್ಲ.

ಒಂದು ಎಚ್ಚರಿಕೆಯ ಮಾತು. ನಿದ್ದೆ ಬರಲಿಲ್ಲವೆಂದು ಯಾರದೋ ನಿದ್ದೆಮಾತ್ರೆ ನುಂಗುವುದು, ಭಯ ತಣಿಸಲು ಮದ್ಯ ಕುಡಿಯುವುದು ಖಂಡಿತ ಬೇಡ. ಸ್ಲೀಪ್ ಆಪ್ನಿಯಾ ಇರುವವರಲ್ಲಿ ಇವು ಉಸಿರಾಟವನ್ನು ಇನ್ನಷ್ಟು ಕುಗ್ಗಿಸುತ್ತವೆ. ನಿದ್ದೆ ಅಷ್ಟು ಕೆಟ್ಟಿದ್ದರೆ ನಿಮ್ಮ ತಂಡದ ವೈದ್ಯರಿಗೇ ಹೇಳಿ.

ಕಾಗದಪತ್ರ ಮತ್ತು ಒಂದು ಪತ್ರ

ಉಯಿಲು, ನಾಮನಿರ್ದೇಶನ, ಬ್ಯಾಂಕಿನ ವಿವರ, ಪಾಸ್‌ವರ್ಡ್, ಮಕ್ಕಳ ಶಾಲೆಯ ಕಾಗದಗಳನ್ನೆಲ್ಲ ಒಂದು ಕವರಿನಲ್ಲಿಟ್ಟು ಮನೆಯವರಿಗೆ ತೋರಿಸಿಬಿಡಿ. ಇಂಥದ್ದು ಮಾಡಿದರೆ ಅಪಶಕುನ ಎನ್ನುವವರು ಇರುತ್ತಾರೆ. ಆದರೆ ‘ನಾನಿಲ್ಲದಿದ್ದರೆ’ ಎಂದು ಶುರುವಾಗುವ ಭಯಗಳಲ್ಲಿ ಎಷ್ಟೋ ಈ ಕವರಿನೊಳಗೆ ಹೋಗಿ ಕೂರುತ್ತವೆ, ಮತ್ತೆ ಹೊರಬರುವುದಿಲ್ಲ.

ನನ್ನ ಪುಟದಲ್ಲಿ ಬಲಗಡೆ ಖಾಲಿ ಉಳಿದಿದ್ದ ಎರಡು ಸಾಲುಗಳಲ್ಲಿ ಒಂದು, ಮಗಳಿಗೆ ಹೇಳಬೇಕಾದ್ದು ಹೇಳದೇ ಉಳಿದರೆ ಎಂಬುದಾಗಿತ್ತು. ಅದಕ್ಕೆ ಉತ್ತರ ಕೊಡಬೇಕಾದವಳು ನಾನೇ ಎಂದು ತಿಳಿದದ್ದು ಆಪರೇಷನ್‌ಗೆ ಮೂರು ದಿನ ಇರುವಾಗ. ಒಂದೂವರೆ ಪುಟ ಬರೆದೆ. ಅವಳು ಪೆನ್ಸಿಲ್ಲನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಲೆಕ್ಕ ಮಾಡುವುದು ನನಗೆ ಎಷ್ಟು ಇಷ್ಟ ಎಂದೂ ಅದರಲ್ಲಿ ಬರೆದಿದ್ದೆ. ಬರೆಯುವಾಗ ಅತ್ತೆ, ಬರೆದ ಮೇಲೆ ಆ ರಾತ್ರಿ ನಿದ್ದೆ ಬಂತು. ಇದು ಎಲ್ಲರಿಗೂ ಒಗ್ಗುವುದಿಲ್ಲ. ಬರೆಯಲು ಕೂತರೆ ಭಯ ಏರುತ್ತದೆ ಎನ್ನುವವರು ಬಲವಂತ ಮಾಡಿಕೊಳ್ಳಬೇಕಿಲ್ಲ. ಪ್ರಾರ್ಥನೆಯ ರೂಢಿಯಿರುವವರಿಗೆ ಅದೇ ದಾರಿಯಾಗಬಹುದು. ಇನ್ನೊಂದು ಖಾಲಿ ಸಾಲು, ‘ಆದರೂ ಆ ಒಬ್ಬಳು ನಾನೇ ಆಗಿದ್ದರೆ?’ ಎಂಬುದು. ಅದು ಖಾಲಿಯಾಗಿಯೇ ಉಳಿಯಿತು.

ಮನೆಯವರಿಗೆ ನಿಮ್ಮ ಭಯವನ್ನು ಹೇಳಿ, ಜೊತೆಗೆ ಅವರಿಂದ ನಿಮಗೆ ಏನು ಬೇಕು ಎಂಬುದನ್ನೂ ಹೇಳಿ. ‘ನನಗೆ ಧೈರ್ಯ ಹೇಳಬೇಡಿ, ಹತ್ತು ನಿಮಿಷ ಸುಮ್ಮನೆ ಕೇಳಿಸಿಕೊಳ್ಳಿ’ ಎಂದರೆ ಅವರಿಗೂ ಹಗುರವಾಗುತ್ತದೆ. ಅವರೂ ಹೆದರಿರುತ್ತಾರೆ.

ಭಯ ‘ನಿಲ್ಲು’ ಎನ್ನುತ್ತಿದ್ದರೆ

ಎಲ್ಲ ಭಯವನ್ನೂ ದಾಟಿ ಹೋಗಲೇಬೇಕೆಂದು ನಾನು ಹೇಳುವುದಿಲ್ಲ. ಇದು ತುರ್ತು ಶಸ್ತ್ರಚಿಕಿತ್ಸೆಯಲ್ಲ, ಮುಂದೂಡಬಹುದು. ಯಾವ ಬಗೆಯ ಆಪರೇಷನ್ ಆಗುತ್ತಿದೆ ಎಂಬುದೇ ನಿಮಗೆ ಸ್ಪಷ್ಟವಿಲ್ಲದಿದ್ದರೆ, ಸ್ಲೀವ್ ಎಂಬ ಬಗೆಯಾದರೆ ಜಠರದ ಸುಮಾರು ಮುಕ್ಕಾಲು ಭಾಗ ತೆಗೆಯುತ್ತಾರೆ, ಅದನ್ನು ಮತ್ತೆ ಜೋಡಿಸಲಾಗದು ಎಂಬಂಥ ಸಂಗತಿಯನ್ನು ಯಾರೂ ತಿಳಿಸದಿದ್ದರೆ, ಮನೆಯವರ ಒತ್ತಾಯಕ್ಕೆ ಒಪ್ಪಿದ್ದರೆ, ಪ್ರಶ್ನೆಗಳಿಗೆ ಉತ್ತರ ಸಿಗುತ್ತಿಲ್ಲವಾದರೆ, ಆ ಭಯ ಒಂದು ಸರಿಯಾದ ಕಾರಣಕ್ಕೆ ಬಾಗಿಲು ತಟ್ಟುತ್ತಿದೆ. ದಿನಗಟ್ಟಲೆ ಊಟ ನಿದ್ದೆ ಇಲ್ಲದಂತಾದರೆ, ಬದುಕುವುದೇ ಬೇಡ ಎಂಬ ಯೋಚನೆ ಸುಳಿದರೆ ತಡಮಾಡದೆ ಮನೋವೈದ್ಯರನ್ನು ಕಾಣಬೇಕು, ಶಸ್ತ್ರಚಿಕಿತ್ಸೆಯ ತಂಡಕ್ಕೂ ತಿಳಿಸಬೇಕು. ತಾರೀಖು ಮುಂದೆ ಹೋಗುವುದರಲ್ಲಿ ಸೋಲೇನೂ ಇಲ್ಲ. ಎರಡು ಬಾರಿ ಮುಂದೂಡಿ, ಮೂರನೆಯ ಬಾರಿ ಹೋಗಿ ಮಾಡಿಸಿಕೊಂಡು ಬಂದವರನ್ನು ನಾನು ಬಲ್ಲೆ.

ಆ ದಿನ ಬೆಳಗ್ಗೆ

ಎಷ್ಟು ಹೊತ್ತಿನ ಮೊದಲು ಊಟ, ಎಷ್ಟು ಹೊತ್ತಿನ ಮೊದಲು ನೀರು ನಿಲ್ಲಿಸಬೇಕೆಂದು ಆಸ್ಪತ್ರೆ ಹೇಳಿರುತ್ತದೆ, ಅದನ್ನು ಅಕ್ಷರಶಃ ಪಾಲಿಸಿ. ಬಂದವರೆಲ್ಲ ನಿಮ್ಮ ಹೆಸರು, ನಿಮಗಾಗುವ ಆಪರೇಷನ್, ಅಲರ್ಜಿ ಏನಾದರೂ ಇದೆಯೇ ಎಂಬುದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಇವರಿಗೆ ನಾನು ಯಾರೆಂದೇ ಗೊತ್ತಿಲ್ಲವೇ ಎಂದು ಗಾಬರಿಯಾಗಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಸುರಕ್ಷತಾ ಪಟ್ಟಿಯನ್ನು ಅರಿವಳಿಕೆಗೆ ಮುನ್ನ, ಚರ್ಮ ಕೊಯ್ಯುವ ಮುನ್ನ ಮತ್ತು ರೋಗಿ ಥಿಯೇಟರಿನಿಂದ ಹೊರಡುವ ಮುನ್ನ ಹೀಗೆ ಮೂರು ಬಾರಿ ಓದಿ ತಾಳೆ ನೋಡಲಾಗುತ್ತದೆ. ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಬಳಸಿ ನೋಡಿದಾಗ ಶಸ್ತ್ರಚಿಕಿತ್ಸೆಯ ಬಳಿಕದ ಸಾವುಗಳು ಶೇಕಡ 1.5ರಿಂದ 0.8ಕ್ಕೆ ಇಳಿದಿದ್ದವು. ಕೇಳಿದಷ್ಟು ಸಲವೂ ಪೂರ್ತಿ ಹೆಸರು ಹೇಳಿ.

ಸ್ಟ್ರೆಚರ್ ಹೊರಟಾಗ ಮೇಲಿನ ದೀಪಗಳು ಒಂದೊಂದಾಗಿ ತಲೆಯ ಹಿಂದಕ್ಕೆ ಸರಿಯುತ್ತವೆ. ನಾನು ಅವನ್ನು ಎಣಿಸುತ್ತ ಹೋದೆ, ಎರಡು ದೀಪಕ್ಕೆ ಒಂದು ಉಸಿರು. ಥಿಯೇಟರಿನೊಳಗೆ ಚಳಿ ಇರುತ್ತದೆ. ಹೊದಿಕೆ ಬೇಕಾದರೆ ಕೇಳಿ. ‘ನನಗೆ ತುಂಬ ಭಯವಾಗುತ್ತಿದೆ’ ಎಂದು ಆಗಲೂ ಹೇಳಬಹುದು, ಅದನ್ನು ಕೇಳಿಸಿಕೊಂಡು ಕೈ ಹಿಡಿದುಕೊಳ್ಳುವವರು ಅಲ್ಲಿರುತ್ತಾರೆ. ನನ್ನ ಕೈ ಹಿಡಿದಿದ್ದ ನರ್ಸಿನ ಕೈಗವಸಿನ ಬೆಚ್ಚಗಿನ ಸ್ಪರ್ಶವೇ ಆಪರೇಷನ್‌ಗೆ ಮುಂಚಿನ ನನ್ನ ಕೊನೆಯ ನೆನಪು. ಆಮೇಲೆ ಯಾರೋ ನನ್ನ ಹೆಸರು ಹಿಡಿದು ಕೂಗುತ್ತಿದ್ದರು, ಗಂಟಲು ಕೆರೆಯುತ್ತಿತ್ತು, ಹೊಟ್ಟೆ ನೋಯುತ್ತಿತ್ತು.

ಮನೆಗೆ ಬಂದ ಮೇಲೆ

ಆಪರೇಷನ್ ಆದ ಕೆಲವೇ ಗಂಟೆಗಳಲ್ಲಿ ಆಸ್ಪತ್ರೆಯಲ್ಲೇ ಎಬ್ಬಿಸಿ ನಡೆಸುತ್ತಾರೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು ಈ ಆಪರೇಷನ್ನಿನ ಬಳಿಕದ ಸಾವಿಗೆ ಮುಖ್ಯ ಕಾರಣಗಳಲ್ಲೊಂದು. ನಡಿಗೆ, ಕಾಲುಗಳಿಗೆ ಹಾಕುವ ಒತ್ತುಪಟ್ಟಿ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಚುಚ್ಚುಮದ್ದುಗಳೆಲ್ಲ ಅದನ್ನು ತಡೆಯಲೆಂದೇ ಇವೆ. ಆದ್ದರಿಂದ ನೋವಾದರೂ ನಡೆಯಿರಿ.

ಭಯ ಮನೆಗೂ ಹಿಂಬಾಲಿಸಿ ಬರಬಹುದು, ಅದೂ ಆಸ್ಪತ್ರೆಯ ಯಂತ್ರಗಳ ಸದ್ದು ಇಲ್ಲದ ಮೊದಲ ರಾತ್ರಿ. ಇಲ್ಲಿ ಭಯವನ್ನೂ ನಿಜವಾದ ಅಪಾಯವನ್ನೂ ಬೇರ್ಪಡಿಸಿ ನೋಡುವುದು ಗೊತ್ತಿರಬೇಕು, ಏಕೆಂದರೆ ಎರಡರಲ್ಲೂ ಎದೆ ಹೊಡೆದುಕೊಳ್ಳುತ್ತದೆ. ಭುಜದ ನೋವು ಆಪರೇಷನ್ ವೇಳೆ ಹೊಟ್ಟೆಗೆ ತುಂಬಿದ್ದ ಗಾಳಿಯಿಂದಲೂ ಬರುತ್ತದೆ, ಅದು ಓಡಾಡಿದಂತೆ ಕಡಿಮೆಯಾಗುತ್ತದೆ. ಎದೆ ಡವಗುಟ್ಟಿದರೆ ಕೂತು ಹತ್ತು ನಿಮಿಷ ಉಸಿರಿನ ಲೆಕ್ಕ ಹಿಡಿದು, ಬಳಿಕ ಮಣಿಕಟ್ಟಿನ ಮೇಲೆ ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ. ಭಯದ ನಾಡಿ ಇಳಿಯುತ್ತದೆ. ಸುಮ್ಮನೆ ಕೂತಾಗಲೂ ನಾಡಿ 120ರ ಮೇಲೆಯೇ ನಿಂತಿದ್ದರೆ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಬೇಕು. ಜ್ವರ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು, ಒಂದು ಕಾಲು ಮಾತ್ರ ಊದಿಕೊಂಡು ನೋಯುವುದು, ರಕ್ತದ ವಾಂತಿ ಅಥವಾ ಕಪ್ಪು ಮಲ, ಗುಟುಕು ನೀರೂ ನಿಲ್ಲದ ವಾಂತಿ ಇದ್ದರೂ ಹಾಗೆಯೇ. ಉಸಿರುಗಟ್ಟುವಿಕೆಯೋ ಎದೆನೋವೋ ಕಾಣಿಸಿಕೊಂಡರೆ ಹತ್ತು ನಿಮಿಷ ಎಣಿಸುತ್ತ ಕೂರದೆ ತುರ್ತು ಚಿಕಿತ್ಸೆಗೆ ಹೊರಡಿ. ಭಯವೋ ಅಪಾಯವೋ ಎಂದು ತಿಳಿಯದಿದ್ದರೂ ಫೋನ್ ಮಾಡಿ, ಇದಕ್ಕೆಲ್ಲ ಕರೆ ಮಾಡಬೇಕೇ ಎಂದು ಸಂಕೋಚಪಡಬೇಡಿ. ರಾತ್ರಿ ಹೊತ್ತಿನಲ್ಲಿ ಸಿಗುವ ನಂಬರನ್ನು ಆಸ್ಪತ್ರೆಯಿಂದ ಹೊರಡುವ ಮುಂಚೆಯೇ ಕೇಳಿ ಬರೆದುಕೊಳ್ಳಿ, ಒಂದು ಪ್ರತಿ ನಿಮ್ಮ ಹಾಸಿಗೆಯ ಪಕ್ಕ, ಇನ್ನೊಂದು ನಿಮ್ಮ ಜೊತೆ ಮಲಗುವವರ ಮೊಬೈಲಿನಲ್ಲಿ ಇರಲಿ.